ಹಪುತಲೆಯ ಹೆರೆಮಣೆ

ಮೊದಲ ದಿನ ಬೆಳಿಗ್ಗೆ ನಾನು ತಿಂದದ್ದು ಮೀನು. ಗೊತ್ತಿಲ್ಲದೆ ತಿಂದೆ. ರುಚಿಯಾಗಿದೆ ಅಂತ ಎರಡನೇ ಸಲ ಹಾಕಿಸಿಕೊಂಡೂ ತಿಂದೆ. ಮೀನು, ಮೊಟ್ಟೆ ಒಳಗೆ ಬರದ ಕೊಪ್ಪದ ಕಡೆಯ ಮನೆಯಲ್ಲಿ ಬೆಳೆದವಳು ನಾನು. ಈ ಸುದ್ದಿಯನ್ನು ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ. ಅಮ್ಮ ಬ್ಲಾಗು ಗೀಗು ಓದುವುದಿಲ್ಲ ಅನ್ನುವ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಊರಿನ ಹೆಸರು ಹಪುತಲೆ. ಶ್ರೀಲಂಕಾದ ಗುಡ್ಡಗಾಡಿನಲ್ಲಿ ಒಂದು ಏಣಿನ ಮೇಲೆ ಕೂತ ಸಣ್ಣ ಪೇಟೆ. ಒಂದು ಪಕ್ಕ ಚಹಾ ತೋಟ, ಇನ್ನೊಂದು ಪಕ್ಕ ಸೀದಾ ಕೆಳಗೆ ದಕ್ಷಿಣದ ಬಯಲು. ಪೇಟೆಯ ನಡುವೆಯೇ ರೈಲು ಹಳಿ. ಜನ ತರಕಾರಿ ಚೀಲ ಹಿಡಿದುಕೊಂಡು ಹಳಿಯ ಮೇಲೇ ನಡೆದು ಮನೆಗೆ ಹೋಗುತ್ತಾರೆ. ನಾನು ಮತ್ತು ನನ್ನ ಗಂಡ ಅಲ್ಲಿಗೆ ಹೋದದ್ದು 2024ರ ಜನವರಿಯಲ್ಲಿ. ಆಗ ಭಾರತೀಯರಿಗೆ ವೀಸಾ ಶುಲ್ಕ ಇರಲಿಲ್ಲ. ನಾವು ಬೆಂಗಳೂರಿನಿಂದ ಕೊಪ್ಪದ ಬಸ್ಸು ಹತ್ತಿ ಮನೆ ಮುಟ್ಟುವ ಹೊತ್ತಿಗೆ ಕೊಲಂಬೋಗೆ ವಿಮಾನದಲ್ಲಿ ಹೋಗಿ ವಾಪಸ್ಸೂ ಬರಬಹುದು. ಅಷ್ಟು ಹತ್ತಿರದ ದೇಶ.

ಎಲ್ಲರೂ ಹೋಗುವುದು ಎಲ್ಲಾ ಅನ್ನುವ ಊರಿಗೆ. (ಹೌದು, ಊರಿನ ಹೆಸರೇ ಎಲ್ಲಾ. ಇದರಿಂದ ಮನೆಯಲ್ಲಿ ಪ್ರವಾಸದ ಪ್ಲಾನ್ ಹೇಳುವಾಗ ಸಾಕಷ್ಟು ಗೊಂದಲ ಆಯಿತು. "ಎಲ್ಲಿಗೆ?" "ಎಲ್ಲಾಗೆ." "ಎಲ್ಲಾ ಅಂದ್ರೆ ಎಲ್ಲೆಲ್ಲಿಗೆ?") 1921ರಲ್ಲಿ ಕಟ್ಟಿದ ಒಂಬತ್ತು ಕಮಾನಿನ ಸೇತುವೆ ಇರುವುದು ಅಲ್ಲೇ. ಆದರೆ ಅಲ್ಲಿ ರೂಮುಗಳೆಲ್ಲ ದುಬಾರಿ. ಅದೇ ರೈಲು ದಾರಿಯಲ್ಲಿ ಒಂದು ಗಂಟೆ ಮೊದಲೇ ಸಿಗುವ ಹಪುತಲೆಯಲ್ಲಿ ಇಳಿದರೆ ಅರ್ಧ ದುಡ್ಡು ಸಾಕಿತ್ತು. ಇದರಲ್ಲಿ ನಮ್ಮ ಜಾಣತನ ಏನೂ ಇಲ್ಲ, ಜೇಬು ತೋರಿಸಿದ ದಾರಿ ಅಷ್ಟೆ.

ಕ್ಯಾಂಡಿಯಿಂದ ಐದು ಗಂಟೆಗೂ ಜಾಸ್ತಿ ರೈಲು. ಅದು ಏದುಸಿರು ಬಿಡುತ್ತಾ ಪಟ್ಟಿಪೊಲ ಅನ್ನುವ ನಿಲ್ದಾಣದವರೆಗೆ ಹತ್ತುತ್ತದೆ. 1898 ಮೀಟರ್ ಎತ್ತರ, ಆ ದೇಶದ ಅತಿ ಎತ್ತರದ ನಿಲ್ದಾಣ. ಬೋಗಿಯೊಳಗೆ "ವಡೇ ವಡೇ ವಡೇ" ಅಂತ ಕೂಗಿಕೊಂಡು ಬಂದವನ ಬುಟ್ಟಿಯಲ್ಲಿ ಪ್ರತಿ ವಡೆಯ ನೆತ್ತಿಯ ಮೇಲೂ ಒಂದೊಂದು ಸಿಗಡಿ ಕಾಲು ಚಾಚಿ ಮಲಗಿತ್ತು. ಬೇಡ ಅಂದೆವು. ಅಷ್ಟೊಂದು ಸ್ಪಷ್ಟವಾಗಿ ಕಾಣುವ ಹಾಗೆ ಮಲಗಿದ್ದರೆ ಯಾರೂ ಮೋಸ ಹೋಗುವುದಿಲ್ಲ. ಮೋಸ ಹೋಗುವುದು ಪುಡಿಯಾಗಿದ್ದಾಗ.

ಗೆಸ್ಟ್ ಹೌಸಿನ ಅಂಕಲ್ ನಿಲ್ದಾಣಕ್ಕೇ ಬಂದಿದ್ದರು, ಕೈಯಲ್ಲಿ ಎರಡು ಕೊಡೆ. ರೈಲ್ವೆಯಲ್ಲಿದ್ದು ನಿವೃತ್ತರಾದವರು. ಅರವತ್ತೈದರ ಮೇಲಿನ ವಯಸ್ಸು. ಇಂಗ್ಲಿಷ್ ಬರುತ್ತದೆ, ತಮಿಳೂ ಬರುತ್ತದೆ. ಆಂಟಿಗೆ ಸಿಂಹಳ ಮತ್ತು ಅಡುಗೆಮನೆಗೆ ಬೇಕಾಗುವಷ್ಟು ಇಂಗ್ಲಿಷ್. ಕೆಳಗೆ ಅವರು ಇರುತ್ತಾರೆ, ಮೇಲೆ ಬಾಡಿಗೆಗೆ ನಾಲ್ಕು ರೂಮು. ಮಗ ಕೊಲ್ಲಿಯಲ್ಲಿ ಕೆಲಸಕ್ಕೆ ಇದ್ದಾನಂತೆ. ಅವನು ಕಳಿಸಿದ ದುಡ್ಡಲ್ಲೇ ಮೇಲಿನ ಮಹಡಿ ಎದ್ದದ್ದು.

ಬ್ಯಾಗು ಇಳಿಸುವ ಮೊದಲೇ ಚಹಾ ಬಂತು. ಹಾಲಿಲ್ಲ, ಸಕ್ಕರೆಯೂ ಇಲ್ಲ. ತಟ್ಟೆಯಲ್ಲಿ ಪಕ್ಕಕ್ಕೆ ಎರಡು ತುಂಡು ಕಪ್ಪು ಬೆಲ್ಲ. ಬೆಲ್ಲ ಕಚ್ಚಿಕೊಂಡು ಚಹಾ ಕುಡಿಯಬೇಕು. ನಮ್ಮಜ್ಜಿ ಇದ್ದಾಗ ಮನೆಗೆ ಯಾರೇ ಬರಲಿ, ಮೊದಲು ಬೆಲ್ಲ ಮತ್ತು ನೀರು. ದಾರಿ ಕೇಳಲು ನಿಂತವರಿಗೂ. ಈಗ ಊರಲ್ಲಿ ಆ ಪದ್ಧತಿ ಹೆಚ್ಚುಕಡಿಮೆ ಹೋಗಿದೆ, ಬಂದವರಿಗೆ ನೇರ ಕಾಫಿ. ಬೆಲ್ಲ ಕಚ್ಚಿದ ಮೇಲೆ ಅದು ಬೈನೆ ಮರದ್ದು ಅಂತ ಗೊತ್ತಾಯಿತು. ಅಲ್ಲಿ ಅದಕ್ಕೆ ಕಿತುಲ್ ಅನ್ನುತ್ತಾರೆ. ನಮ್ಮ ಕಡೆ ಬೈನೆ ಅಂದರೆ ಹೆಂಡ ಇಳಿಸುವ ಮರ, ಇಲ್ಲವೇ ಮಠದ ಆನೆಗೆ ಸೊಪ್ಪು. ಅಲ್ಲಿ ಅದರ ಬೆಲ್ಲ, ಜೋನಿಬೆಲ್ಲ ಎರಡೂ ಮಾಡಿ, ಎಮ್ಮೆ ಮೊಸರಿಗೆ ಹಾಕಿ ಕೊಡುತ್ತಾರೆ. ಇಷ್ಟು ವರ್ಷ ನಮ್ಮ ಹಿತ್ತಲಿನ ಮರಕ್ಕೆ ನಾವು ಬೆಲೆಯನ್ನೇ ಕಟ್ಟಿರಲಿಲ್ಲ ಅನ್ನಿಸಿತು.

ಇನ್ನು ಆ ಮೀನಿನ ಕಥೆ.

ಬೆಳಿಗ್ಗೆ ತಿಂಡಿಗೆ ಇಂದಿ ಆಪ್ಪ, ಅಂದರೆ ನಮ್ಮ ಒತ್ತು ಶಾವಿಗೆ. ಅಂಗೈ ಅಗಲದ ಬಿಲ್ಲೆಗಳಾಗಿ ಒತ್ತಿರುತ್ತಾರೆ. ಅದಕ್ಕೆ ತೆಂಗಿನ ಹಾಲು ಹಾಕಿದ ತೊವ್ವೆ, ಜೊತೆಗೆ ಪೊಲ್ ಸಂಬೋಲ. ಪೊಲ್ ಅಂದರೆ ತೆಂಗಿನಕಾಯಿ. ನೋಡಲು ಥೇಟ್ ನಮ್ಮ ಕೆಂಪು ಚಟ್ನಿ, ನೀರಿಲ್ಲದ್ದು. ಎರಡು ಸಲ ಹಾಕಿಸಿಕೊಂಡ ಮೇಲೆ, ಈ ರುಚಿ ಯಾವುದರಿಂದ ಬಂತು ಅಂತ ಕೇಳಿದೆ. ಆಂಟಿ ಖುಷಿಯಿಂದ ಒಳಗೆ ಹೋಗಿ ಕಟ್ಟಿಗೆಯ ಚೂರಿನಂಥದ್ದೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟರು. ಮೂಸಿದೆ. ಉಂಬಲಕಡ. ಮಾಲ್ಡೀವ್ಸ್ ಕಡೆಯ ಮೀನನ್ನು ಬೇಯಿಸಿ, ಹೊಗೆ ಹಾಕಿ, ಮರದ ಹಾಗೆ ಆಗುವವರೆಗೆ ಒಣಗಿಸಿದ್ದು. ಕುಟ್ಟಿ ಪುಡಿ ಮಾಡಿ ಸಂಬೋಲಕ್ಕೆ, ಪಲ್ಯಕ್ಕೆ ಹಾಕುತ್ತಾರೆ. ಬುಕ್ ಮಾಡುವಾಗ ಸಸ್ಯಾಹಾರಿ ಅಂತ ಬರೆದಿದ್ದೆವು. ಅವರ ಲೆಕ್ಕದಲ್ಲಿ ಅದು ಮೀನೂಟ ಅಲ್ಲ, ಅದು ಒಗ್ಗರಣೆ.

ನನ್ನ ಮುಖ ನೋಡಿ ಆಂಟಿಗೆ ಅರ್ಥವಾಯಿತು. ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡರು. ನಾನು ಪರವಾಗಿಲ್ಲ ಅನ್ನುತ್ತೇನೆ, ಅವರು ಬಿಡುವುದಿಲ್ಲ. ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು. ನನ್ನ ಕಣ್ಣೆದುರೇ ಹೊಸದಾಗಿ ಮಾಡಿ ತೋರಿಸಬೇಕು ಅನ್ನುವ ಹಟ.

ಅಲ್ಲಿ ನೆಲದ ಮೇಲೆ ಒಂದು ಮಣೆ. ಕುಳ್ಳಗೆ, ಉದ್ದಕ್ಕೆ, ಕೂತು ಕೂತು ಹೊಳಪಾದದ್ದು. ಮುಂದೆ ಹಂಸದ ಕತ್ತಿನ ಹಾಗೆ ಬಾಗಿದ ಕಬ್ಬಿಣ, ಅದರ ತುದಿಯಲ್ಲಿ ಹಲ್ಲು. ಆಂಟಿ ಅದರ ಮೇಲೆ ಪಕ್ಕಕ್ಕೆ ಕೂತು ಕಾಯಿ ಹೆರೆಯಲು ಶುರು ಮಾಡಿದರು. ನಾನು ಬೆರಳು ತೋರಿಸಿ ಇದಕ್ಕೆ ಏನಂತೀರಿ ಅಂದೆ.

"ಹಿರಮಣೆ."

ನಾನು ಇನ್ನೊಂದು ಸಲ ಹೇಳಿಸಿದೆ. ಹಿರಮಣೆ. ನಮ್ಮ ಮನೆಯಲ್ಲಿ ಅದು ಹೆರೆಮಣೆ. ನಾನು "ಹೆರೆಮಣೆ, ಹೆರೆಮಣೆ" ಅಂತ ಎದೆ ಮುಟ್ಟಿಕೊಂಡು ಹೇಳಿದೆ. ನನ್ನ ಉಚ್ಚಾರಣೆ ತಪ್ಪಾಗಿದೆ ಅಂದುಕೊಂಡು ಆಂಟಿ ನಿಧಾನವಾಗಿ ತಿದ್ದಿದರು: ಹಿ-ರ-ಮ-ಣೆ. ಅಂಕಲ್ ಬಂದು ಬಿಡಿಸಿ ಹೇಳಿದ ಮೇಲೆ ಇಬ್ಬರೂ ನಕ್ಕರು. ಯಾರಿಂದ ಯಾರಿಗೆ ಹೋದ ಪದವೋ, ತಜ್ಞರು ಹೇಳಲಿ. ಮಣೆ ಮಾತ್ರ ಒಂದೇ. ಅಮ್ಮ, ಅಕ್ಕ ಕೂಡ ಅಲ್ಲಿ ಅಮ್ಮ, ಅಕ್ಕನೇ.

ಮಾಡುವ ವಿಧಾನ ಹೀಗೆ. ಒಣಮೆಣಸಿನಕಾಯಿ ಮತ್ತು ಉಪ್ಪನ್ನು ಕಲ್ಲಿನ ಮೇಲೆ ಅರೆಯುತ್ತಾರೆ. ಆ ಕಲ್ಲಿಗೆ ಮಿರಿಸ್ ಗಲ ಅಂತ ಹೆಸರು. ಸಣ್ಣ ಈರುಳ್ಳಿ ಜಜ್ಜುತ್ತಾರೆ. ಆಮೇಲೆ ತುರಿ ಹಾಕಿ, ಅರೆಯದೆ, ಗುಂಡುಕಲ್ಲನ್ನು ಅದರ ಮೇಲೆ ಸುಮ್ನೆ ಹಿಂದೆ ಮುಂದೆ ಉರುಳಿಸುತ್ತಾರೆ. ಬಿಳಿ ತುರಿ ಮೊದಲು ಗುಲಾಬಿ, ಆಮೇಲೆ ಕಿತ್ತಳೆ, ಆಮೇಲೆ ಇಟ್ಟಿಗೆ ಬಣ್ಣ. ಕೊನೆಗೆ ನಿಂಬೆರಸ. ತುರಿ ನುಣ್ಣಗಾಗಬಾರದು, ಬಣ್ಣ ಮಾತ್ರ ಹಿಡಿಯಬೇಕು. ಮಿಕ್ಸಿಯಲ್ಲಿ ಯಾಕೆ ಆಗಲ್ಲ ಅಂತ ನಾನು ಕೇಳಲಿಲ್ಲ. ಕೇಳುವ ಪ್ರಶ್ನೆ ಅಲ್ಲ ಅದು.

ಮಾರನೇ ದಿನದಿಂದ ಟೇಬಲ್ಲಿನ ಮೇಲೆ ಸಂಬೋಲದ ಎರಡು ಬಟ್ಟಲು. ನೋಡಲು ಎರಡೂ ಒಂದೇ. ಒಂದರ ಮೇಲೆ ಮಾತ್ರ ಒಂದು ಕರಿಬೇವಿನ ಎಲೆ, ಬಾವುಟದ ಹಾಗೆ ನಿಲ್ಲಿಸಿದ್ದು. ಅದು ನನ್ನದು. ಗಂಡನದ್ದು ಇನ್ನೊಂದು. ಅವನು ಮೀನು ತಿನ್ನುವವನು, ಅವನಿಗೆ ಈ ಇಡೀ ಪ್ರಕರಣದಲ್ಲಿ ನನ್ನ ಮುಖ ನೋಡುವುದೇ ಮಜ.

ಇನ್ನೊಂದು ದಿನ ಒಂದೆಲಗ ಬಂತು. ಅವರು ಗೊಟುಕೊಲ ಅನ್ನುತ್ತಾರೆ. ಸಣ್ಣಗೆ ಹೆಚ್ಚಿ, ಕಾಯಿತುರಿ, ಈರುಳ್ಳಿ, ನಿಂಬೆಹಣ್ಣಿನ ಜೊತೆ ಹಸಿಯಾಗೇ ಕಲಸುತ್ತಾರೆ. ನಾವು ಇದರದ್ದು ತಂಬುಳಿ ಮಾಡುತ್ತೇವೆ ಅಂದೆ. ಮಜ್ಜಿಗೆ ಹಾಕುತ್ತೇವೆ ಅಂದಾಗ ಆಂಟಿ ನನ್ನನ್ನು ನೋಡಿದ ರೀತಿ, ನಾನು ಉಂಬಲಕಡ ನೋಡಿದ ರೀತಿಯೇ ಇತ್ತು.

ಹಪುತಲೆಗೆ ಬಂದವರು ನೋಡುವ ಜಾಗ ಲಿಪ್ಟನ್ಸ್ ಸೀಟ್. ಗ್ಲಾಸ್ಗೋದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಥಾಮಸ್ ಲಿಪ್ಟನ್ 1890ರಲ್ಲಿ ಇಲ್ಲಿಗೆ ಬಂದು ತೋಟಗಳನ್ನು ಕೊಂಡ. ದಂಬತೆನ್ನೆಯ ಚಹಾ ಕಾರ್ಖಾನೆ ಅವನು ಕಟ್ಟಿಸಿದ್ದು. ಅಲ್ಲಿಂದ ಮೇಲಕ್ಕೆ ಏಳು ಕಿಲೋಮೀಟರ್ ಹೋದರೆ, ಅವನು ಕೂತು ತನ್ನ ಆಸ್ತಿ ನೋಡುತ್ತಿದ್ದ ಅನ್ನುವ ತುದಿ. ಬೆಳಗಿನ ಜಾವ ಆಟೋದಲ್ಲಿ ಹೋದೆವು. ಕಂಡದ್ದು ಮಂಜು. ಬರೀ ಮಂಜು. ಒಂದೂವರೆ ಗಂಟೆ ಕೂತೆವು, ಎದುರಿನ ಬೇಲಿಯೂ ಕಾಣಲಿಲ್ಲ. ಕುದುರೆಮುಖದ ಕಡೆ ಇಂಥದ್ದನ್ನು ಬಿಟ್ಟಿಯಾಗಿ ನೋಡುತ್ತೇವೆ.

ಆದರೆ ವಾಪಸ್ ಬರುವಾಗ ಆಟೋ ಓಡಿಸುವವರು ಮಾತಿಗೆ ಸಿಕ್ಕಿದರು. ಅವರ ಮಾತು ತಮಿಳು, ನನ್ನದು ಬೆಂಗಳೂರಿನ ಹರಕು ತಮಿಳು. ತೋಟದ ಲಯಂ ಮನೆಯಲ್ಲಿ ಹುಟ್ಟಿದವರು. ಲಯಂ ಅಂದರೆ ನಮ್ಮ ಕಾಫಿ ತೋಟದ ಲೈನ್ ಮನೆ. ಅದೇ ಉದ್ದ ಸೂರು, ಅದೇ ಒಂದೊಂದು ಬಾಗಿಲು. ಸಿಲೋನಿನಲ್ಲೂ ಮೊದಲು ಇದ್ದದ್ದು ಕಾಫಿಯೇ. 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ತೋಟಗಳನ್ನು ಮುಗಿಸಿತು, ಆ ಜಾಗಕ್ಕೆ ಚಹಾ ಬಂತು. ಕೆಲಸಕ್ಕೆ ಜನರನ್ನು ಬ್ರಿಟಿಷರು ತಮಿಳುನಾಡಿನಿಂದ ತಂದರು. ಸ್ವಾತಂತ್ರ್ಯ ಬಂದ ಮೇಲೆ ಅವರು ಯಾವ ದೇಶದವರೂ ಅಲ್ಲ ಅಂತಾಯಿತು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿಯವರೂ ಅಲ್ಲಿನ ಪ್ರಧಾನಿ ಸಿರಿಮಾವೋ ಅವರೂ ಒಪ್ಪಂದ ಮಾಡಿಕೊಂಡು ಇಷ್ಟು ಲಕ್ಷ ನಿಮಗೆ, ಇಷ್ಟು ಲಕ್ಷ ನಮಗೆ ಅಂತ ಹಂಚಿಕೊಂಡರು. ಭಾರತದ ಪಾಲಿಗೆ 5,25,000. ಹಾಗೆ ಬಂದವರಲ್ಲಿ ಕೆಲವರು ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಬಂದರು. ಸುಳ್ಯದ ಬಸ್ಸಿನಲ್ಲಿ ತಮಿಳು ಕೇಳಿ ಇವರು ಇಲ್ಲಿ ಹೇಗೆ ಅಂತ ನಾನೇ ಒಂದು ಕಾಲದಲ್ಲಿ ಯೋಚಿಸಿದ್ದುಂಟು. ಈ ಆಟೋದವರ ಅಜ್ಜನ ತಮ್ಮನ ಮನೆಯವರೂ ಹಾಗೆ ಇಂಡಿಯಾಕ್ಕೆ ಹೋದವರಂತೆ. ಯಾವ ಊರು ಅಂದೆ. "ರಬ್ಬರ್" ಅಂದರು. ಅಷ್ಟೇ ಗೊತ್ತು ಅವರಿಗೆ.

ಆ ದಿನ ನೆನೆದು ಬಂದ ನಮ್ಮನ್ನು ಆಂಟಿ ನೇರ ಒಲೆಯ ಮುಂದೆ ಕೂರಿಸಿದರು. ಗ್ಯಾಸ್ ಇದೆ, ಆದರೂ ಪಕ್ಕದಲ್ಲೇ ಸೌದೆ ಒಲೆ ಉರಿಯುತ್ತಿತ್ತು. ಅಂಕಲ್ ಹೇಳಿದರು, ದೇಶ ಆರ್ಥಿಕವಾಗಿ ಕುಸಿದ 2022ರಲ್ಲಿ ಇದೇ ಒಲೆ ನಮ್ಮನ್ನು ಉಳಿಸಿದ್ದು ಅಂತ. ಸಿಲಿಂಡರಿಗೆ ಎರಡು ದಿನ ಸಾಲಿನಲ್ಲಿ ನಿಂತು ಬರಿಗೈಯಲ್ಲಿ ಬಂದದ್ದನ್ನು ಹೇಳಿದರು. ಆ ಮಾರ್ಚ್ ಕೊನೆಗೆ ದಿನಕ್ಕೆ ಹದಿಮೂರು ಗಂಟೆ ಕರೆಂಟ್ ಇರಲಿಲ್ಲ. ಅದಕ್ಕೂ ಮೊದಲು 2019ರ ಈಸ್ಟರ್ ದಿನದ ಬಾಂಬುಗಳು, ಆಮೇಲೆ ಕೊರೋನಾ. ಒಂದರ ಬೆನ್ನಿಗೆ ಒಂದು.

ಇದನ್ನು ಅವರು ಅಳುತ್ತಾ ಹೇಳಲಿಲ್ಲ. ರೈಲು ತಡವಾದ ಕಥೆ ಹೇಳುವ ಹಾಗೆ ಹೇಳಿದರು. ನನಗೆ ಅದು ತಟ್ಟಿದ್ದು ಮೊದಲ ದಿನ ಸಹಿ ಮಾಡಿದ ರಿಜಿಸ್ಟರ್ ನೆನಪಾದಾಗ. ಉದ್ದನೆಯ ಪುಸ್ತಕ, ನೀಲಿ ರಟ್ಟು, ಸ್ಕೇಲಿನಲ್ಲಿ ಎಳೆದ ಗೆರೆಗಳು. ಹೆಸರು, ದೇಶ, ಪಾಸ್‌ಪೋರ್ಟ್ ನಂಬರ್. ಸುಮ್ನೆ ಹಿಂದಿನ ಪುಟ ತಿರುಗಿಸಿದ್ದೆ. ಒಂದು ಪುಟದಲ್ಲಿ ಜರ್ಮನಿ, ಫ್ರಾನ್ಸ್, ಚೀನಾ, ಮಾರ್ಚ್ 2020. ಅದರ ಕೆಳಗಿನ ಸಾಲಿನಲ್ಲೇ ಮುಂದಿನ ಅತಿಥಿ, 2021ರ ಡಿಸೆಂಬರ್. ನಡುವೆ ಒಂದು ಖಾಲಿ ಗೆರೆಯನ್ನೂ ಬಿಟ್ಟಿರಲಿಲ್ಲ. ಪುಸ್ತಕ ದಂಡವಾಗಬಾರದಲ್ಲ.

ಈಗ ನಾನು ಮಾಡಿದ ಒಂದು ಪೆದ್ದುತನ ಹೇಳಬೇಕು.

ರಾತ್ರಿ ಊಟಕ್ಕೆ ನಾವಿಬ್ಬರೇ ಕೂರುತ್ತಿದ್ದೆವು. ಆಂಟಿ ಬಾಗಿಲ ಚೌಕಟ್ಟಿಗೆ ಒರಗಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಲ್ಲುತ್ತಿದ್ದರು. ತಟ್ಟೆ ಖಾಲಿಯಾಗುವ ಮೊದಲೇ "ತವ ಟಿಕಕ್" ಅಂತ ಸೌಟು ಬರುತ್ತಿತ್ತು. ಇನ್ನೂ ಸ್ವಲ್ಪ ಅಂತ ಅರ್ಥ. ಸಾಕು ಅನ್ನಲು "ಆ್ಯತಿ" ಅನ್ನಬೇಕು, ಅದನ್ನು ನಾವು ಮೊದಲು ಕಲಿತೆವು. ಆದರೆ ಒಂದು ಆ್ಯತಿಗೆ ಅಲ್ಲಿ ಬೆಲೆ ಇಲ್ಲ, ನಮ್ಮ ಊರಿನ ಒಂದು ಸಾಕಿಗೆ ಇಲ್ಲದ ಹಾಗೆ. ಮೂರು ಸಲ ಹೇಳಿ ತಟ್ಟೆಗೆ ಕೈ ಅಡ್ಡ ಹಿಡಿಯಬೇಕು.

ಅಷ್ಟು ವಯಸ್ಸಾದವರು ನಿಂತಿರುವಾಗ ನಾನು ಕೂತು ಉಣ್ಣುವುದು ನನಗೆ ಕಸಿವಿಸಿ. ಮೂರನೇ ರಾತ್ರಿ ಹಟ ಹಿಡಿದೆ. ನೀವೂ ಕೂರಿ, ಎಲ್ಲ ಒಟ್ಟಿಗೆ ಊಟ ಮಾಡೋಣ. ಅಂಕಲ್ ಬೇಡ ಅಂದರು, ನಾನು ಬಿಡಲಿಲ್ಲ. ಕುರ್ಚಿ ಎಳೆದು ಆಂಟಿಯನ್ನು ಕೂರಿಸಿದೆ. ಅವತ್ತು ಇದ್ದದ್ದು ಆಪ್ಪ. ಬಾಣಲೆಯಂಥ ಸಣ್ಣ ಕಾವಲಿಯಲ್ಲಿ ಹಿಟ್ಟು ಹುಯ್ದು ತಿರುಗಿಸಿ, ಒಂದೊಂದೇ ಬೇಯಿಸಿ, ಅಂಚು ಗರಿಗರಿಯಾಗಿರುವಾಗಲೇ ತಟ್ಟೆಗೆ ಹಾಕುವಂಥದ್ದು. ದೋಸೆ ಹುಯ್ಯುವವರನ್ನು ಕೂರಿಸಿಕೊಂಡು ದೋಸೆ ತಿನ್ನುವುದು ಹೇಗೆ? ಮೊದಲೇ ಮಾಡಿಟ್ಟ ಹತ್ತು ಆಪ್ಪ ಮೆತ್ತಗೆ ಒದ್ದೆ ಕಾಗದದ ಹಾಗಾದವು. ಆಂಟಿ ಕುರ್ಚಿಯ ತುದಿಯಲ್ಲಿ ಕೂತು ಅರ್ಧ ಆಪ್ಪ ಮುರಿದರು, ಎದ್ದರು, ಕೂತರು, ಒಲೆಯ ಕಡೆ ನೋಡಿದರು. ಮಾತು ಸತ್ತುಹೋಯಿತು. ಅಂಕಲ್ ಹವಾಮಾನದ ಬಗ್ಗೆ ಏನೋ ಹೇಳಿದರು. ಹತ್ತು ನಿಮಿಷದಲ್ಲಿ ಊಟ ಮುಗಿಯಿತು.

ನನ್ನ ಚಿಕ್ಕಮ್ಮ ಕೊಪ್ಪದ ಹತ್ತಿರ ತೋಟದ ಮನೆಯಲ್ಲಿ ಎರಡು ರೂಮು ಹೋಮ್‌ಸ್ಟೇ ಮಾಡಿದ್ದಾರೆ. ಅವರು ಒಮ್ಮೆ ಹೇಳಿದ್ದು ಆಮೇಲೆ ನೆನಪಾಯಿತು. "ಬಂದವರು ನಮ್ಮ ಮನೆಯವರ ಹಾಗೆ ಇರ್ತೀವಿ ಅಂತಾರೆ ಕಣೆ. ಮನೆಯವರಾದ್ರೆ ಪಾತ್ರೆ ತೊಳೀಬೇಕು. ಅತಿಥಿ ಆಗಿದ್ರೆ ಸುಮ್ನೆ ಕೂತು ತಿನ್ಬೇಕು. ಇವ್ರಿಗೆ ಎರಡೂ ಬೇಡ, ಒಲೆ ಮುಂದೆ ನಿಂತು ಫೋಟೋ ಬೇಕು." ಆಗ ನಾನು ನಕ್ಕಿದ್ದೆ. ಬೆಂಗಳೂರಿನಿಂದ ಬಂದು ಕ್ಯಾಂಪ್‌ಫೈರ್ ಕೇಳುವವರ ಬಗ್ಗೆ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ. ನನ್ನ ಹಟವೂ ಅದೇ ಜಾತಿಯದ್ದು. ಆಂಟಿಗೆ ಸುಸ್ತಾಗಿದೆ ಅಂತ ನಾನು ಕೂರಿಸಿದ್ದಲ್ಲ, ನನ್ನ ಕಸಿವಿಸಿ ಹೋಗಲಿ ಅಂತ ಕೂರಿಸಿದ್ದು. ಅವರ ಮನೆ, ಅವರ ಊಟ, ಎಲ್ಲಿ ನಿಲ್ಲಬೇಕು ಅನ್ನುವುದು ಅವರಿಗೆ ಗೊತ್ತು. ಬಾಗಿಲ ಚೌಕಟ್ಟಿನಲ್ಲಿ ನಿಂತರೆ ತಟ್ಟೆಯೂ ಕಾಣುತ್ತದೆ, ಒಲೆಯೂ ಕಾಣುತ್ತದೆ.

ನಾಲ್ಕನೇ ರಾತ್ರಿ ಆಂಟಿ ಅವರ ಜಾಗದಲ್ಲಿ, ನಾನು ನನ್ನ ಜಾಗದಲ್ಲಿ. ಆಪ್ಪ ಬಿಸಿಬಿಸಿ ಬಂತು. ಏಳು ತಿಂದೆ.

ಹೊರಡುವ ದಿನ ಬಿಲ್ಲು. ರೂಲ್ಡ್ ಹಾಳೆಯ ಮೇಲೆ ಅಂಕಲ್ ಬರೆದದ್ದು. ರೂಮು, ರಾತ್ರಿಯ ಊಟ, ಆಟೋ, ಎರಡು ಬಾಟಲಿ ನೀರು. ನೀರಿನದ್ದನ್ನೂ ಬಿಟ್ಟಿರಲಿಲ್ಲ. ಚಹಾ ಎಲ್ಲೂ ಇರಲಿಲ್ಲ. ದಿನಕ್ಕೆ ಐದಾರು ಸಲ ಕುಡಿದಿದ್ದೆವು, ಬೆಲ್ಲದ ಸಮೇತ. ಗಂಡ ಕೇಳಿಯೂ ಕೇಳಿದ. "ಚಹಾಕ್ಕೆ ದುಡ್ಡಾ?" ಅಂತ ಅಂಕಲ್ ಅವನನ್ನೇ ವಾಪಸ್ ಕೇಳಿದರು. ಅಲ್ಲಿಯ ನಾಲ್ಕು ರೂಪಾಯಿಗೆ ಆಗ ನಮ್ಮದು ಒಂದು ರೂಪಾಯಿ, ಹತ್ತಿರ ಹತ್ತಿರ. ಒಂದು ಸಾವಿರ ಜಾಸ್ತಿ ಇಟ್ಟೆವು. ಎಣಿಸಿ, ಜಾಸ್ತಿಯದ್ದನ್ನು ಪಕ್ಕಕ್ಕೆ ತೆಗೆದು ನಮ್ಮ ಕಡೆಗೇ ಸರಿಸಿದರು. ಇನ್ನೊಂದು ಸಲ ಬರುವಾಗ ಆ್ಯಪ್‌ನಲ್ಲಿ ಬುಕ್ ಮಾಡಬೇಡಿ, ನೇರ ಫೋನ್ ಮಾಡಿ, ಅವರು ಕಮಿಷನ್ ಕತ್ತರಿಸುತ್ತಾರೆ ಅಂದರು. ಅದು ವ್ಯವಹಾರ, ಇದು ಚಹಾ. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸುವ ಗೊಂದಲ ಅವರಿಗಿರಲಿಲ್ಲ. ನಮಗಿತ್ತು.

ನಾನು ಕಲಿತ ಸಿಂಹಳದಲ್ಲಿ "ಹೋಗುತ್ತೇನೆ" ಅನ್ನಲು ಹೊರಟೆ. ಅಂಕಲ್ ಕೈ ಎತ್ತಿ ತಡೆದರು. ಹಾಗನ್ನಬಾರದು. ಗಿಹಿನ್ ಎನ್ನಂ. ಹೋಗಿ ಬರ್ತೀನಿ. ನನಗೆ ಇದನ್ನು ಇನ್ನೊಬ್ಬರು ಹೇಳಿಕೊಡಬೇಕಾಯಿತಲ್ಲ ಅಂತ ನಾಚಿಕೆಯಾಯಿತು. ಆಂಟಿ ನನ್ನ ತಲೆ ಸವರಿ "ದುವ" ಅಂದರು, ಮಗಳೇ ಅಂತ. ಒಂದು ಪೊಟ್ಟಣದಲ್ಲಿ ಬೆಲ್ಲ ಕಟ್ಟಿಕೊಟ್ಟರು.

ರೈಲು ನಲವತ್ತು ನಿಮಿಷ ತಡ. ಅಂಕಲ್ ಜೊತೆಗೇ ನಿಂತಿದ್ದರು, ಬೇಡ ಅಂದರೂ.

ಊರಿಗೆ ಹೋದಾಗ ಅಮ್ಮನಿಗೆ ಫೋಟೋ ತೋರಿಸಿದೆ. ಸೇತುವೆ, ಚಹಾ ತೋಟ, ಬುದ್ಧ, ಎಲ್ಲವನ್ನೂ ಅಮ್ಮ ಹೂಂ ಹೂಂ ಅಂತ ದಾಟಿಸಿದರು. ಮಣೆಯ ಫೋಟೋ ಬಂದಾಗ ಫೋನು ಕಸಿದುಕೊಂಡರು. "ಇದು ನಮ್ಮದಲ್ವಾ? ಅಟ್ಟದ ಮೇಲಿದ್ದದ್ದನ್ನ ಯಾರು ಕೆಳಗಿಳಿಸಿದ್ದು?" ಅಲ್ಲಮ್ಮ, ಅದು ಲಂಕೆಯದ್ದು ಅಂದೆ. ಅಮ್ಮ ಚಿತ್ರ ದೊಡ್ಡದು ಮಾಡಿ ಹಲ್ಲು ಎಣಿಸುವ ಹಾಗೆ ನೋಡಿದರು. ಆಮೇಲೆ ಅಲ್ಲಿ ಏನು ತಿಂದೆ ಅಂತ ಕೇಳಿದರು. ಚಟ್ನಿ ಅಂದೆ.

ಆ್ಯಪ್ ಮಾತ್ರ ದಿನಾ ಪೀಡಿಸುತ್ತಿತ್ತು. ನಿಮ್ಮ ವಾಸ್ತವ್ಯ ಹೇಗಿತ್ತು, ಹತ್ತಕ್ಕೆ ಎಷ್ಟು ಅಂಕ. ಉಳಿದವರು ಬರೆದದ್ದು ಓದಿದೆ. ಹತ್ತರಲ್ಲಿ ಎಂಟು ಜನ ಬರೆದದ್ದು ಒಂದೇ: ನಮ್ಮ ಮನೆಯಲ್ಲೇ ಇದ್ದ ಹಾಗಿತ್ತು. ನಾನೂ ಅದನ್ನೇ ಟೈಪ್ ಮಾಡಿದೆ. ಆಪ್ಪದ ರಾತ್ರಿ ನೆನಪಾಗಿ ಅಳಿಸಿದೆ. ಕೊನೆಗೆ ಇಷ್ಟು ಬರೆದು ಕಳಿಸಿದೆ: ಬಿಸಿನೀರಿಗೆ ಹತ್ತು ನಿಮಿಷ ನಲ್ಲಿ ಬಿಡಬೇಕು. ಜನವರಿಯಲ್ಲೂ ಸ್ವೆಟರ್ ಬೇಕು. ಮೀನು ತಿನ್ನದವರು ಮೊದಲೇ ಬಾಯಿಬಿಟ್ಟು ಹೇಳಿ. ಕರಿಬೇವಿನ ಎಲೆ ಇರುವ ಬಟ್ಟಲು ನಿಮ್ಮದು.